ತಂಡ ಕಟ್ಟಲು ಎಐ ಚಿತ್ರ: ಯಾವ ಸಾಧನ ಮಕ್ಕಳನ್ನು ಹೆಚ್ಚು ಮಾತಾಡಿಸುತ್ತದೆ?

ವಿದ್ಯಾರ್ಥಿಗಳನ್ನು ನಾಲ್ಕೈದು ಜನರ ಗುಂಪು ಮಾಡಿ ಎಐನಿಂದ ಚಿತ್ರ ಬರೆಸುವ ಚಟುವಟಿಕೆಗೆ ಯಾವ ಸಾಧನ ಒಳ್ಳೆಯದು ಎಂದು ಸಹೋದ್ಯೋಗಿಗಳು ಕೇಳುತ್ತಲೇ ಇರುತ್ತಾರೆ. ನೋಡಸಿಗುವ ಹೋಲಿಕೆಗಳಲ್ಲಿ ಹೆಚ್ಚಿನವು ಚಿತ್ರ ಎಷ್ಟು ಚೆಂದ ಬಂತು ಎಂಬುದನ್ನೇ ಅಳೆಯುತ್ತವೆ. ತರಗತಿಗೆ ಆ ಅಳತೆ ಸಾಲದು. ಚಿತ್ರ ಬರುವ ಮುಂಚೆ ಮಕ್ಕಳು ತಮ್ಮತಮ್ಮಲ್ಲಿ ಎಷ್ಟು ಚರ್ಚಿಸಿದರು, ಬಂದ ಮೇಲೆ ಮತ್ತೆಷ್ಟು ಚರ್ಚಿಸಿದರು ಎಂಬುದನ್ನೇ ನಾನು ನೋಡುವುದು. ಈ ಲೆಕ್ಕದಲ್ಲಿ ಅತಿ ಸುಂದರ ಚಿತ್ರ ಕೊಡುವ ಸಾಧನ ಹಲವು ಸಲ ಹಿಂದೆ ಬೀಳುತ್ತದೆ.

ಹೋಲಿಕೆ ನ್ಯಾಯವಾಗಿರಲಿ ಎಂದು ಎಲ್ಲದಕ್ಕೂ ಒಂದೇ ಕೆಲಸ ಕೊಟ್ಟೆ. ತಂಡದ ಕನಸಿನ ಗ್ರಂಥಾಲಯ ಹೇಗಿರಬೇಕೆಂದು ಪ್ರತಿಯೊಬ್ಬರೂ ಒಂದೊಂದು ವಾಕ್ಯ ಬರೆಯಬೇಕು. ಅವನ್ನೆಲ್ಲ ಸೇರಿಸಿ ಒಂದು ಪ್ರಾಂಪ್ಟ್, ಅಂದರೆ ಎಂಥ ಚಿತ್ರ ಬೇಕೆಂದು ಎಐಗೆ ಹೇಳುವ ಬರಹ, ಮಾಡಬೇಕು. ಚಿತ್ರ ಬಂದ ಮೇಲೆ ಒಂದೇ ಒಂದು ಬದಲಾವಣೆ ಮಾಡಿ, ಅದನ್ನು ಯಾಕೆ ಮಾಡಿದೆವು ಎಂದು ತರಗತಿಯ ಮುಂದೆ ಹೇಳಬೇಕು.

ಶುರುಮಾಡಲು ಅತಿ ಸುಲಭ ಚಾಟ್‌ಜಿಪಿಟಿಯಂಥ ಮಾತುಕತೆಯ ಸಾಧನ. ಏನನ್ನೂ ಕಲಿಸಬೇಕಿಲ್ಲ, ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ತೊಡಕಿರುವುದು ಈ ಸುಲಭದಲ್ಲೇ. 2023ರಲ್ಲಿ ಚಿತ್ರ ಬರೆಯುವ ಡಾಲ್-ಇ 3 ಎಂಬ ಎಐ ಮಾದರಿ ಚಾಟ್‌ಜಿಪಿಟಿಯೊಳಗೆ ಬಂದಾಗ, ನಾವು ಬರೆದ ಚಿಕ್ಕ ವಾಕ್ಯವನ್ನು ಚಾಟ್‌ಜಿಪಿಟಿಯೇ ಹಿಗ್ಗಿಸಿ, ವಿವರ ತುಂಬಿ, ಆಮೇಲೆ ಚಿತ್ರಕ್ಕೆ ಕಳಿಸುವಂತೆ ಮಾಡಿದ್ದರು. ಒಬ್ಬರೇ ಕೂತು ಕೆಲಸ ಮಾಡುವವರಿಗೆ ಇದು ವರ. ತಂಡಕ್ಕೆ ಹಾಗಲ್ಲ. ಬೆಳಕು ಬೆಳಗಿನದೋ ಸಂಜೆಯದೋ, ಒಳಗೆ ಕೂತವರು ಯಾರು, ಕಪಾಟು ಮರದ್ದೋ ಗಾಜಿನದೋ ಎಂಬುದನ್ನೆಲ್ಲ ಮಕ್ಕಳು ಸೇರಿ ತೀರ್ಮಾನಿಸಬೇಕಿತ್ತು. ಅವರು ಬಾಯಿ ತೆರೆಯುವುದರೊಳಗೆ ತೀರ್ಮಾನವಾಗಿ ಚಿತ್ರವೇ ಎದುರಿಗೆ ಬಂದಿರುತ್ತದೆ. ಎಲ್ಲರೂ ‘ಸೂಪರ್’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಇದಕ್ಕೊಂದು ದಾರಿ ಇದೆ. ಚಿತ್ರ ಬಂದ ಕೂಡಲೇ ‘ನಾವು ಹೇಳದೆ ಇದರಲ್ಲಿ ಬಂದು ಸೇರಿದ್ದು ಏನೇನು?’ ಎಂದು ಪಟ್ಟಿ ಮಾಡಿಸುತ್ತೇನೆ. ಯಾವೊಂದು ಸಾಲಿನಲ್ಲೂ ಇಲ್ಲದ ಕನ್ನಡಕ ತೊಟ್ಟ ಮುದುಕ ಮೂಲೆಯಲ್ಲಿ ಓದುತ್ತಾ ಕೂತಿರುತ್ತಾನೆ. ಅವನನ್ನು ಕರೆದವರು ಯಾರು? ಗ್ರಂಥಾಲಯವೆಂದರೆ ಯಂತ್ರಕ್ಕೆ ಇವನೇ ಯಾಕೆ ನೆನಪಾಗಬೇಕು? ಚರ್ಚೆ ಇಲ್ಲಿಂದ ಶುರುವಾಗುತ್ತದೆ, ಗಾಢವಾಗಿಯೂ ಸಾಗುತ್ತದೆ. ಇನ್ನೊಂದು ವಿಷಯ: ಮಾತುಕತೆಯ ಸಾಧನದಲ್ಲಿ ಟೈಪ್ ಮಾಡುವವರೇ ತಂಡದ ಯಜಮಾನರಾಗಿಬಿಡುತ್ತಾರೆ. ಪ್ರತಿ ಬದಲಾವಣೆಗೂ ಕೀಬೋರ್ಡ್ ಕೈ ಬದಲಾಗಬೇಕು. ಈ ನಿಯಮವನ್ನು ನಾನು ಸಡಿಲಿಸುವುದಿಲ್ಲ.

2022ರ ಜುಲೈನಲ್ಲಿ ಎಲ್ಲರಿಗೂ ತೆರೆದುಕೊಂಡ ಮಿಡ್‌ಜರ್ನಿ ಒಂದು ಪ್ರಾಂಪ್ಟಿಗೆ ನಾಲ್ಕು ಚಿತ್ರ ಕೊಡುತ್ತದೆ. ಇದು ಚಿಕ್ಕ ವ್ಯತ್ಯಾಸ ಎನಿಸಬಹುದು. ತಂಡದ ಮಟ್ಟಿಗೆ ಇದೇ ದೊಡ್ಡದು. ನಾಲ್ಕಿದ್ದರೆ ಆರಿಸಬೇಕು, ಆರಿಸಬೇಕಾದರೆ ಕಾರಣ ಕೊಡಬೇಕು. ಒಂದು ತಂಡದಲ್ಲಿ ಮೂವರು ಮೋಡದ ಮೇಲೆ ತೇಲುವ ಗೋಪುರಕ್ಕೆ ಕೈ ಎತ್ತಿದ್ದರು. ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗಿ ‘ಇದಕ್ಕೆ ಬಾಗಿಲೇ ಇಲ್ಲವಲ್ಲ, ಒಳಗೆ ಹೋಗುವುದು ಹೇಗೆ?’ ಎಂದಳು. ಎಲ್ಲರೂ ಪರದೆಗೆ ಮುಖ ತಂದು ಹುಡುಕಿದರು. ಬಾಗಿಲು ನಿಜಕ್ಕೂ ಇರಲಿಲ್ಲ. ಮೂರನೆಯ ಚಿತ್ರದಲ್ಲಿ ಸಣ್ಣದೊಂದು ಮೆಟ್ಟಿಲಿತ್ತು, ಕೊನೆಗೆ ಅದನ್ನೇ ಆರಿಸಿಕೊಂಡರು. ಗಾಲಿಕುರ್ಚಿಯಲ್ಲಿ ಬರುವವರ ಗತಿಯೇನು ಎಂಬ ಪ್ರಶ್ನೆ ಎದ್ದು, ಮೆಟ್ಟಿಲಿನ ಜಾಗಕ್ಕೆ ಇಳಿಜಾರು ಬಂತು. ಒಂದೇ ಚಿತ್ರ ಬಂದಿದ್ದರೆ ಆ ಹುಡುಗಿ ಬಾಯಿ ತೆರೆಯುತ್ತಿದ್ದಳೆಂದು ನನಗೆ ಅನಿಸುವುದಿಲ್ಲ.

ಆದರೆ ಇದಕ್ಕೆ ಹಣ ಕೊಟ್ಟು ಚಂದಾದಾರರಾಗಬೇಕು. ಮಾಡಿದ ಚಿತ್ರಗಳು, ಬೇರೆ ವ್ಯವಸ್ಥೆ ಮಾಡಿಕೊಳ್ಳದಿದ್ದರೆ, ಎಲ್ಲರಿಗೂ ಕಾಣುತ್ತವೆ. ಜೊತೆಗೆ ತನ್ನದೇ ಮೆರುಗು ಬಳಿಯುವ ಸ್ವಭಾವವೂ ಇದೆ. ಸ್ಟೈಲೈಸ್ ಎಂಬ ಆಯ್ಕೆ 0ಯಿಂದ 1000ದವರೆಗೆ ಹೋಗುತ್ತದೆ, ನಾವು ಮುಟ್ಟದಿದ್ದರೆ 100ರಲ್ಲಿರುತ್ತದೆ. ತರಗತಿಯಲ್ಲಿ ಇದನ್ನು ಇಳಿಸಿ ಇಡುವುದು ವಾಸಿ. ಇಲ್ಲದಿದ್ದರೆ ಎಲ್ಲ ತಂಡಗಳ ಗ್ರಂಥಾಲಯವೂ ಒಬ್ಬನೇ ಕಲಾವಿದ ಬರೆದಂತೆ ಕಾಣುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಹೆಚ್ಚು ಕೆಲಸ ಬೇಡುವ ಸ್ಟೇಬಲ್ ಡಿಫ್ಯೂಷನ್. 2022ರ ಆಗಸ್ಟ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಡುಗಡೆಯಾಯಿತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರ್ ಬೇಕು, ಇನ್‌ಸ್ಟಾಲ್ ಮಾಡುವ ತಾಳ್ಮೆಯೂ ಬೇಕು. ಪ್ರಾಂಪ್ಟನ್ನು ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ. ಸಿಗುವ ಲಾಭ ಏನೆಂದರೆ ಸೀಡ್ ಎಂಬ ಒಂದು ಸಂಖ್ಯೆ. ಇಂಥ ಮಾದರಿಗಳು ಬರೀ ಚುಕ್ಕೆಗಳ ಗದ್ದಲದಿಂದ ಆರಂಭಿಸಿ, ಹಂತಹಂತವಾಗಿ ಗದ್ದಲ ತೆಗೆಯುತ್ತಾ ಚಿತ್ರ ಮೂಡಿಸುತ್ತವೆ. ಆರಂಭದ ಗದ್ದಲ ಯಾವುದೆಂದು ನಿರ್ಧರಿಸುವುದು ಸೀಡ್. ಸೀಡ್, ಪ್ರಾಂಪ್ಟ್, ಉಳಿದ ಆಯ್ಕೆಗಳು ಅವೇ ಇದ್ದರೆ ಚಿತ್ರವೂ ಅದೇ. ಹಾಗಾಗಿ ಸೀಡನ್ನು ಹಾಗೇ ಹಿಡಿದಿಟ್ಟು ಒಂದೇ ಪದ ಬದಲಿಸಿದರೆ, ಆ ಪದ ಏನು ಮಾಡಿತು ಎಂಬುದು ಕಣ್ಣೆದುರೇ ಕಾಣುತ್ತದೆ.

ತಂಡಕ್ಕೆ ಇದರಿಂದಾಗುವ ಉಪಕಾರ ಬಹಳ ದೊಡ್ಡದು. ‘ಹಳೆಯ’ ಎಂಬ ಒಂದು ಪದವನ್ನಷ್ಟೇ ಕೊಟ್ಟಿದ್ದ ಹುಡುಗನಿಗೆ ತನ್ನ ಪಾಲು ಏನೂ ಇಲ್ಲವೆಂಬ ಭಾವನೆ ಇತ್ತು. ಆ ಪದ ತೆಗೆದು ಮತ್ತೆ ಮೂಡಿಸಿದೆವು. ಗೋಡೆಯ ಬಿರುಕು ಹೋಯಿತು, ಬಳ್ಳಿ ಹೋಯಿತು, ಬೆಳಕೇ ತಣ್ಣಗಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅವನ ಗೆಳೆಯರೇ ಆ ಪದ ವಾಪಸ್ ಬರಬೇಕೆಂದು ಪಟ್ಟು ಹಿಡಿದರು. ತನ್ನ ಕೊಡುಗೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಅವಕಾಶ ಬೇರೆ ಯಾವ ಸಾಧನದಲ್ಲೂ ಇಷ್ಟು ಸ್ಪಷ್ಟವಾಗಿ ಸಿಗಲಿಲ್ಲ.

ಇದರ ಮಿತಿಯೂ ಪಾಠವಾಗುತ್ತದೆ. ಮೊದಲ ಆವೃತ್ತಿಗಳು ಪ್ರಾಂಪ್ಟನ್ನು 77 ಟೋಕನ್‌ಗಳಷ್ಟೇ (ಟೋಕನ್ ಎಂದರೆ ಒಂದು ಪದ ಅಥವಾ ಪದದ ತುಣುಕು) ಓದುತ್ತವೆ. ಮೊದಲ ಮತ್ತು ಕೊನೆಯ ಗುರುತು ಬಿಟ್ಟರೆ ನಮಗೆ ಉಳಿಯುವುದು 75. ಐವರು ಉದ್ದುದ್ದ ವಾಕ್ಯ ಬರೆದರೆ ಕೊನೆಯವರ ಮಾತು ಕತ್ತರಿಸಿ ಹೋಗುತ್ತದೆ. ಯಾರ ಯಾವ ಪದ ಬಿಡಬೇಕು? ಎರಡು ವಾಕ್ಯಗಳನ್ನು ಒಂದು ಮಾಡಬಹುದೇ? ಹೀಗೆ ಒಬ್ಬರು ಇನ್ನೊಬ್ಬರಿಗಾಗಿ ತಮ್ಮ ವಿಶೇಷಣ ಬಿಟ್ಟುಕೊಡುವುದನ್ನು ನೋಡಿದಾಗ, ತಂಡ ಕಟ್ಟುವುದು ಅಂದರೆ ಇದೇ ಎನಿಸಿತು. ‘ಕೆಂಪು ಕೊಡೆ, ನೀಲಿ ನಾಯಿ’ ಎಂದರೆ ಬಣ್ಣ ಅದಲುಬದಲಾಗುವುದು, ‘ಆನೆ ಬೇಡ’ ಎಂದರೆ ಆನೆಯೇ ಬಂದು ನಿಲ್ಲುವುದು ಕೂಡ ಹಳೆಯ ಮಾದರಿಗಳಲ್ಲಿ ಮಾಮೂಲು. ಬೇಡದ್ದನ್ನು ಬರೆಯಲು ಬೇರೆಯದೇ ಚೌಕ ಇದೆ. ಮಕ್ಕಳಿಗೆ ತಕ್ಕದ್ದಲ್ಲದ ಚಿತ್ರಗಳನ್ನು ಸೋಸುವ ಹೊಣೆ ಪೂರ್ತಿ ಶಿಕ್ಷಕರ ಮೇಲೇ ಇರುವುದರಿಂದ ಯಂತ್ರದ ಮುಂದೆ ನಾನೇ ಕೂರುತ್ತೇನೆ, ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೇ ಒತ್ತುತ್ತೇನೆ.

ವಿನ್ಯಾಸದ ಸಾಧನವಾದ ಕ್ಯಾನ್ವಾ ಬಗ್ಗೆ ಹೆಚ್ಚು ಹೇಳುವುದಿಲ್ಲ: ಒಂದೇ ಪುಟದಲ್ಲಿ ಎಲ್ಲರೂ ಏಕಕಾಲಕ್ಕೆ ಕೆಲಸ ಮಾಡಬಹುದು, ಪೋಸ್ಟರ್ ಮುಗಿಸಲು ಸಾಕು. ಚಿತ್ರ ಬರೆಯುವ ಇನ್ನೊಂದು ಸಾಧನ ಅಡೋಬಿ ಫೈರ್‌ಫ್ಲೈ 2023ರ ಮಾರ್ಚ್‌ನಲ್ಲಿ ಬಂದದ್ದು. ಕಂಪನಿಯದೇ ಚಿತ್ರಸಂಗ್ರಹವಾದ ಅಡೋಬಿ ಸ್ಟಾಕ್‌ನ, ಮುಕ್ತ ಪರವಾನಗಿಯ ಹಾಗೂ ಹಕ್ಕುಸ್ವಾಮ್ಯ ಮುಗಿದ ಚಿತ್ರಗಳಿಂದ ಅದನ್ನು ತರಬೇತುಗೊಳಿಸಿದ್ದಾಗಿ ಕಂಪನಿ ಹೇಳಿದೆ. ಅದೇ ವರ್ಷ ಜನವರಿಯಲ್ಲಿ ಕೆಲವು ಕಲಾವಿದರು ಸ್ಟೇಬಲ್ ಡಿಫ್ಯೂಷನ್ ಮತ್ತು ಮಿಡ್‌ಜರ್ನಿಯ ಕಂಪನಿಗಳ ವಿರುದ್ಧ ಅಮೆರಿಕದಲ್ಲಿ ಮೊಕದ್ದಮೆ ಹೂಡಿದ್ದನ್ನು ಮಕ್ಕಳಿಗೆ ತಿಳಿಸಿ, ಬದುಕಿರುವ ಕಲಾವಿದರ ಹೆಸರನ್ನು ಪ್ರಾಂಪ್ಟಿನಲ್ಲಿ ಹಾಕಬಾರದೆಂದು ಮೊದಲೇ ಹೇಳಿಬಿಡುತ್ತೇನೆ. ಯಾವ ಸಾಧನಕ್ಕೂ ಮಕ್ಕಳ ಮುಖದ ಫೋಟೋ ಹೋಗುವುದಿಲ್ಲ. ವಯಸ್ಸಿನ ನಿಯಮವನ್ನೂ ಓದಿಕೊಳ್ಳಿ. ಚಾಟ್‌ಜಿಪಿಟಿಗೆ ಕನಿಷ್ಠ 13 ಆಗಿರಬೇಕು, 18ರ ಒಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು.

ಚೆನ್ನಾಗಿ ಚಿತ್ರ ಬರೆಯುವ ಮಕ್ಕಳ ವಿಷಯ ನನ್ನನ್ನು ಕಾಡುತ್ತದೆ. ಯಂತ್ರ ಬಂದ ತಕ್ಷಣ ಅವರು ತಂಡದ ಅಂಚಿಗೆ ಸರಿಯುತ್ತಾರೆ. ಅವರಿಗಾಗಿಯೇ ಎರಡನೆಯ ಸುತ್ತಿನಲ್ಲಿ ಪೆನ್ಸಿಲ್ ಸ್ಕೆಚ್‌ನಿಂದ ಆರಂಭಿಸುತ್ತೇನೆ. ಸ್ಕೆಚ್‌ನ ಫೋಟೋ ಕೊಟ್ಟರೆ ಚಾಟ್‌ಜಿಪಿಟಿ ಅದರ ಮೇಲೆ ಚಿತ್ರ ಬೆಳೆಸುತ್ತದೆ. ಸ್ಟೇಬಲ್ ಡಿಫ್ಯೂಷನ್‌ಗೆ 2023ರಲ್ಲಿ ಬಂದ ಕಂಟ್ರೋಲ್‌ನೆಟ್ ಎಂಬ ಜೋಡಣೆ ಗೆರೆಗಳನ್ನು ಇನ್ನೂ ನಿಷ್ಠೆಯಿಂದ ಪಾಲಿಸುತ್ತದೆ. ಆಗ ಗೆರೆ ಹಾಕಿದವರ ಸುತ್ತ ಉಳಿದವರು ಬಂದು ಕೂರುತ್ತಾರೆ.

ಸಮಯ ಒಂದೇ ತರಗತಿಯಷ್ಟಿದ್ದರೆ ನಾಲ್ಕು ಚಿತ್ರ ಕೊಡುವ ಸಾಧನ ಹಿಡಿಯಿರಿ. ಅದಕ್ಕೆ ಅನುಕೂಲವಿಲ್ಲದಿದ್ದರೆ ಚಾಟ್ ಸಾಧನದಲ್ಲೇ ಒಂದೇ ಪ್ರಾಂಪ್ಟಿನಿಂದ ಬೇರೆಬೇರೆಯಾಗಿ ನಾಲ್ಕು ಚಿತ್ರ ಮಾಡಿಸಿ, ನಾಲ್ಕೂ ಬರುವವರೆಗೆ ಪ್ರೊಜೆಕ್ಟರ್ ಹಚ್ಚಬೇಡಿ. ಕೆಲವು ವಾರ ಸಿಗುವುದಾದರೆ ಸ್ಟೇಬಲ್ ಡಿಫ್ಯೂಷನ್‌ಗೆ ಪಟ್ಟ ಶ್ರಮ ವ್ಯರ್ಥವಾಗುವುದಿಲ್ಲ. ಅಂಕ ಕೊಡುವ ಪದ್ಧತಿ ಇದ್ದರೆ ಚಿತ್ರಕ್ಕೆ ಕೊಡಬೇಡಿ. ಯಾವ ಪದ ಯಾಕೆ ಸೇರಿತು, ಯಾವುದು ಯಾಕೆ ಹೋಯಿತು ಎಂದು ತಂಡ ಬರೆದಿಟ್ಟ ಹಾಳೆಗೆ ಕೊಡಿ.