ಮುಂದೆ ಹುಲಿ, ಹಿಂದೆ ಪಿಲಿ: ಕನ್ನಡ ಕಲಿಕೆ ಪೆಟ್ಟಿಗೆಯೊಂದಿಗೆ 16 ತಿಂಗಳು

ತಿಂಗಳಿಗೊಮ್ಮೆ ಮನೆಗೆ ಬರುವ ಕನ್ನಡ ಓದು ಮತ್ತು ಕರಕುಶಲದ ಪೆಟ್ಟಿಗೆಯನ್ನು ಕಳೆದ ವರ್ಷ ಆಗಸ್ಟ್‌ನಿಂದ ತರಿಸುತ್ತಿದ್ದೇವೆ. ಆಗ ಮಗಳಿಗೆ ನಾಲ್ಕೂವರೆ ವರ್ಷ. ಈಗ ಆರು ತುಂಬುತ್ತಾ ಬಂತು. ತಿಂಗಳಿಗೆ 650 ರೂಪಾಯಿ. ಒಂದು ಸಣ್ಣ ಕತೆ ಪುಸ್ತಕ, ಅಕ್ಷರದ ಕಾರ್ಡುಗಳು, ಕೈಯಲ್ಲಿ ಏನಾದರೂ ಮಾಡುವ ಸಾಮಾನು, ಇಷ್ಟು ಇರುತ್ತದೆ. ನಾವಿರುವುದು ಮಂಗಳೂರಿನ ಕುಲಶೇಖರದಲ್ಲಿ. ಮನೆಯಲ್ಲಿ ತುಳು, ಶಾಲೆ ಇಂಗ್ಲಿಷ್ ಮೀಡಿಯಂ. ನಮ್ಮಂಥ ಮನೆಗೆ ಇದು ಉಪಯೋಗವಾ ಅಂತ ಕೇಳುವವರಿಗಾಗಿ ಬರೆಯುತ್ತಿದ್ದೇನೆ.

ತುಂಬಾ ಇಷ್ಟವಾದದ್ದು ಅಕ್ಷರಗಳ ಕ್ರಮ. ಅ, ಆ, ಇ, ಈ ಎಂದು ಸಾಲಾಗಿ ಹೋಗುವುದಿಲ್ಲ. ರ, ಗ, ಸ, ದ, ಅ, ಇಲ್ಲಿಂದ ಶುರು. ಸರ್ಕಾರಿ ಶಾಲೆಯ ನಲಿಕಲಿ (ಆಟ, ಚಟುವಟಿಕೆಯಲ್ಲೇ ಕಲಿಯುವ) ತರಗತಿಗಳಲ್ಲೂ ಇದೇ ಕ್ರಮ. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಕಾಗುಣಿತ ಬೇಡ, ಒತ್ತಕ್ಷರ ಬೇಡ, 49 ಅಕ್ಷರ ಮುಗಿಯುವ ತನಕ ಕಾಯುವುದೂ ಬೇಡ. ಎರಡನೇ ವಾರ ಮಗಳು ಕಾರ್ಡುಗಳನ್ನು ನೆಲದಲ್ಲಿ ಜೋಡಿಸಿ 'ಗ-ರ-ಗ-ಸ' ಎಂದು ಓದಿದಳು. ಒಂದು ಕ್ಷಣ ಸುಮ್ಮನಿದ್ದು ಅಜ್ಜನ ಹತ್ತಿರ ಓಡಿದಳು. ಅಜ್ಜ ಅಟ್ಟದಿಂದ ಗರಗಸ ಇಳಿಸಿ ತೋರಿಸಿದರು.

ತೊಡಕು ಬಂದದ್ದು ಚಿತ್ರಗಳಲ್ಲಿ. 'ಹ' ಕಾರ್ಡಿನಲ್ಲಿ ಹುಲಿ ಇದೆ. ನೋಡಿದ ಕೂಡಲೇ ಅವಳು ಪಿಲಿ ಅಂದಳು. ತುಳುವಿನಲ್ಲಿ ಹುಲಿಗೆ ಪಿಲಿ. ಹೇಳಿದ್ದು ಸರಿಯೇ, ಆದರೆ 'ಹ' ಎಲ್ಲಿ ಹೋಯಿತು? 'ಚ' ಕಾರ್ಡಿನ ಚಿಟ್ಟೆಯದ್ದೂ ಇದೇ ಕತೆ. ಚಿಟ್ಟೆ ಅಂದರೆ ಅವಳಿಗೆ ನೆನಪಾಗುವುದು ಚಿಟ್ಟೆಪಿಲಿ, ಮೈತುಂಬಾ ಚುಕ್ಕಿ ಬಳಿದುಕೊಂಡು ಕುಣಿಯುವ ಹುಲಿವೇಷ. ಎರಡು ತಿಂಗಳು ನಾನು 'ಪಿಲಿ ಅಲ್ಲ, ಹುಲಿ' ಎಂದು ತಿದ್ದುತ್ತಲೇ ಇದ್ದೆ. ಅದು ತಪ್ಪಾಯಿತು. ಅವಳು ಕಾರ್ಡು ಮುಟ್ಟುವುದನ್ನೇ ಕಡಿಮೆ ಮಾಡಿದಳು.

ಆಮೇಲೆ ಕಾರ್ಡಿನ ಹಿಂಬದಿಯಲ್ಲಿ ದೊಡ್ಡದಾಗಿ 'ಪಿಲಿ' ಎಂದು ಬರೆದೆ. ತುಳುವನ್ನೂ ನಾವು ಹೆಚ್ಚಾಗಿ ಬರೆಯುವುದು ಕನ್ನಡ ಲಿಪಿಯಲ್ಲೇ ಅಲ್ವಾ? ಹೂವಿನ ಹಿಂದೆ ಪೂ, ಹಾಲಿನ ಹಿಂದೆ ಪೇರ್. ನಾಲ್ಕೈದು ಕಾರ್ಡು ಆಗುವಾಗ, ಕನ್ನಡದಲ್ಲಿ 'ಹ' ಇದ್ದರೆ ನಮ್ಮಲ್ಲಿ 'ಪ' ಅಂತ ಅವಳೇ ಹೇಳಿದಳು. ಹಳಗನ್ನಡದಲ್ಲೂ ಪುಲಿ, ಪಾಲ್ ಎಂದೇ ಇತ್ತಲ್ಲ. ಪೆಟ್ಟಿಗೆ ಮಾಡುವವರು ಕಾರ್ಡಿನ ಹಿಂದೆ ಮನೆಮಾತಿಗೆ ಒಂದು ಖಾಲಿ ಗೆರೆ ಬಿಟ್ಟರೆ ಸಾಕು. ತುಳು, ಕೊಂಕಣಿ, ಬ್ಯಾರಿ, ಯಾವ ಮನೆಗೂ ಆಗುತ್ತದೆ. ಅವರಿಗೆ ಬರೆದು ತಿಳಿಸಿದ್ದೇನೆ.

ಕರಕುಶಲದ ಭಾಗ ಅರ್ಧ ಒಳ್ಳೆಯದು. ನವರಾತ್ರಿಗೆ ಬಂದದ್ದು ಅಚ್ಚು ಹಾಕಿದ ಕಿತ್ತಳೆ ಬಣ್ಣದ ಹುಲಿ ಮುಖವಾಡ. ದಸರಾದಲ್ಲಿ ಹುಲಿವೇಷದ ತಾಸೆ ವಾದ್ಯದ ಸದ್ದಿಗೆ ಬೀದಿಗೆ ಓಡುವ ಮಗುವಿಗೆ ಅದು ಹಿಡಿಸಲಿಲ್ಲ. ಮಗುಚಿ ಹಾಕಿ, ಬಿಳಿ ಬದಿಗೆ ಹಳದಿ ಬಳಿದು, ಕಪ್ಪು ಪಟ್ಟೆ ಎಳೆದೆವು. ಆಗ ಅದು ಪಟ್ಟೆಪಿಲಿ ಆಯಿತು. ದೀಪಾವಳಿಗೆ ಪ್ಲಾಸ್ಟಿಕ್ ಹಾಳೆಯ ನಕ್ಷತ್ರ ಬಂತು. ಅದನ್ನು ಬದಿಗಿಟ್ಟು ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿ ಮತ್ತು ಬಣ್ಣದ ಕಾಗದದಲ್ಲಿ ಸಣ್ಣ ಗೂಡುದೀಪ ಕಟ್ಟಿದೆವು. ಅಂಟಿಗೆ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನದ ಅಗುಳು. ಕುಚ್ಚಲಕ್ಕಿ ಅನ್ನ ಅಷ್ಟು ಅಂಟುವುದಿಲ್ಲ. ಈ ವರ್ಷ ಅವಳು ತನ್ನ ಹೆಸರಿನ ಅಕ್ಷರಗಳನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ ಅಂಟಿಸಿದಳು. ದೀಪ ಹಚ್ಚಿದಾಗ ಅಂಗಳದಲ್ಲಿ ನಿಂತು ಬಂದವರಿಗೆಲ್ಲ ಓದಿ ಹೇಳಿದಳು.

ಮಳೆಗಾಲಕ್ಕೆ ಈ ಪೆಟ್ಟಿಗೆ ಆಗುವುದಿಲ್ಲ. ಜೂನ್‌ನಿಂದ ಕಾರ್ಡುಗಳು ಬಾಗುತ್ತವೆ, ಬಿಳಿ ಬೂಸ್ಟು ಹಿಡಿಯುತ್ತದೆ, ಅಂಟು ಎರಡು ದಿನವಾದರೂ ಒಣಗುವುದಿಲ್ಲ. ಜುಲೈ ಪೆಟ್ಟಿಗೆ ಎರಡು ವಾರ ತಡವಾಗಿ, ಒದ್ದೆಯಾಗಿ ಬಂತು. ಬೇರೆ ಕಳಿಸಿದರು. ಆದರೆ ಅದು ಕೈಸೇರುವಾಗ ತುಳುವರ ಆಟಿ ತಿಂಗಳು ಮುಗಿದಿತ್ತು, ಒಳಗಿದ್ದ ಆಟಿ ಕಳೆಂಜನ (ಆ ತಿಂಗಳು ಮನೆಮನೆಗೆ ಬರುವ ವೇಷ) ಕೊಡೆ ಮಾಡುವ ಉತ್ಸಾಹವೂ ಹೋಗಿತ್ತು.

ಕತೆ ಪುಸ್ತಕ ತಿಂಗಳಿಗೆ ಒಂದೇ. ಓದಲು ಶುರು ಮಾಡಿದ ಮಗುವಿಗೆ ಅದು ಸಾಲದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ, ಓದುವ ಮಟ್ಟ ನೋಡಿ ನಾಲ್ಕು ಹಂತ ಮಾಡಿದ್ದಾರೆ. ಒಂದನೇ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು ಮಾತ್ರ. ಪ್ರಿಂಟ್ ಮಾಡಿ ಹೊಲಿದು ಕೊಡುತ್ತೇನೆ, ಮೊಬೈಲ್ ಕೊಡುವುದಿಲ್ಲ. ಒಂದೇ ಕತೆಯನ್ನು ಹತ್ತು ಸಲ ಕೇಳಿದರೂ ಓದಿ ಹೇಳುತ್ತೇನೆ.

ಕಳೆದ ತಿಂಗಳು ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿದ್ದೆವು. ಅಲ್ಲಿನ ಕುಶಲಕರ್ಮಿಗಳ ಹಳ್ಳಿಯಲ್ಲಿ ಕುಂಬಾರರ ಕೆಲಸ ತೋರಿಸೋಣ ಅಂತ. ಬೋರ್ಡಿನ ಎದುರು ಅವಳು ನಿಂತುಬಿಟ್ಟಳು. 'ಪಿಲಿ' ಎಂದು ಓದಿದಳು, ಆಮೇಲೆ ಮೆಲ್ಲ 'ಕು-ಳ'. ಹುಲಿಯ ಕೆರೆ ಅಂತ ನಾನು ಅರ್ಥ ಹೇಳುವ ಮೊದಲೇ, 'ಪಿಲಿ ನೀರು ಕುಡಿಯಲು ಬರುತ್ತಿತ್ತಾ?' ಎಂದು ತುಳುವಿನಲ್ಲಿ ಕೇಳಿದಳು.

ಜನವರಿಯಿಂದ ಮೇ ತನಕದ್ದಕ್ಕೆ ಮತ್ತೆ ಹಣ ಕಟ್ಟಿದ್ದೇನೆ. ಜೂನ್‌ನಿಂದ ನಾಲ್ಕು ತಿಂಗಳು ತರಿಸುವುದಿಲ್ಲ. ಹೊಸದಾಗಿ ತರಿಸುವವರು ಮೊದಲು ಮೂರು ತಿಂಗಳಿಗೆ ಮಾತ್ರ ಕಟ್ಟಿ, ಕಾರ್ಡುಗಳನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಡಿ, ಒಂದು ದಪ್ಪ ಮಾರ್ಕರ್ ಪೆನ್ನು ತಂದಿಟ್ಟುಕೊಳ್ಳಿ.