ಆರ್‌ಸಿ (ರಿಮೋಟ್ ಕಂಟ್ರೋಲ್) ದೋಣಿಗೆ ಕನೆಕ್ಟರ್ ತುಂಡು, ಸೂಪರ್ ಗ್ಲೂ, ರಬ್ಬರ್ ಬ್ಯಾಂಡ್: ನೀರಿಗೆ ಬಿಡುವ ಮುಂಚೆ ಓದಿ

ಕೆರೆಯ ನಡುವೆ ದೋಣಿ ಇದ್ದಕ್ಕಿದ್ದಂತೆ ಎಡಕ್ಕೆ ಸುತ್ತತೊಡಗಿತು. ರಿಮೋಟ್‌ನಲ್ಲಿ ಬಲಕ್ಕೆ ತಿರುಗಿಸಿದರೂ ಕೇಳಲಿಲ್ಲ. ಎರಡನೇ ಸುತ್ತಿನಲ್ಲಿ, ತಾನೇ ಎಬ್ಬಿಸಿದ ಅಲೆ ಬಡಿದು ಮುಚ್ಚಳ ಹಾರಿತು. ನೀರು ನುಗ್ಗಿತು, ಬ್ಯಾಟರಿ ಒಂದು ಬದಿಗೆ ಜಾರಿತು, ದೋಣಿ ಮಗುಚಿತು. 70 ಸೆಂ.ಮೀ. ಉದ್ದದ, 550 ಗಾತ್ರದ ಮೋಟರಿನ ದೋಣಿ. ಮೋಟರ್, ಸರ್ವೋ (ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟರ್), ರಿಸೀವರ್ ಎಲ್ಲ ಸರಿಯಾಗಿಯೇ ಇದ್ದವು. ಕೈಕೊಟ್ಟದ್ದು ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಂಡ ಮೂರು ಜೋಡಣೆಗಳು.

ಮೊದಲು ಬಿಟ್ಟದ್ದು ಚುಕ್ಕಾಣಿಯ ಪುಶ್‌ರಾಡ್, ಅಂದರೆ ಸರ್ವೋದಿಂದ ಚುಕ್ಕಾಣಿಗೆ ಹೋಗುವ ಕಡ್ಡಿ. ಸೈಕಲ್ ಕಡ್ಡಿಯ ಎರಡು ತುಂಡುಗಳನ್ನು ಮನೆ ವೈರಿಂಗ್‌ನ ಕನೆಕ್ಟರ್ ಪಟ್ಟಿಯೊಳಗಿನ ಹಿತ್ತಾಳೆ ಕೊಳವೆಯಲ್ಲಿ ಎದುರುಬದುರು ತೂರಿಸಿ, ತಲಾ ಒಂದು ಸ್ಕ್ರೂ ಬಿಗಿಯಲಾಗಿತ್ತು. ಉದ್ದ ಹೊಂದಿಸಿಕೊಳ್ಳಲು ಒಳ್ಳೆಯ ಉಪಾಯವೇ. ಆದರೆ ಆ ಸ್ಕ್ರೂ ಇರುವುದು ಮೆತ್ತನೆಯ ತಾಮ್ರದ ತಂತಿಯನ್ನು ಅದುಮಲು. 2 ಮಿ.ಮೀ. ದಪ್ಪದ ದುಂಡನೆ ಉಕ್ಕಿನ ಮೇಲೆ ಅದರ ತುದಿ ತಾಗುವುದು ಚೂರೇ ಚೂರು. ಮೋಟರ್ ಅದುರಿದಂತೆಲ್ಲ ಸ್ಕ್ರೂ ಸಡಿಲವಾಗುತ್ತದೆ, ಕಡ್ಡಿ ಜಾರುತ್ತದೆ.

ಎರಡು ಕಡ್ಡಿ ಅಕ್ಕಪಕ್ಕ ಹಿಡಿಸುವಷ್ಟು ದೊಡ್ಡ ಕನೆಕ್ಟರ್ ತನ್ನಿ. ಆಗ ಎರಡೂ ಸ್ಕ್ರೂಗಳು ಎರಡೂ ಕಡ್ಡಿಗಳನ್ನು ಹಿಡಿಯುತ್ತವೆ. ಸ್ಕ್ರೂ ಕೂರುವ ಕಡೆ ಅರದಿಂದ 4 ಮಿ.ಮೀ. ಉದ್ದಕ್ಕೆ ಚಪ್ಪಟೆ ಮಾಡಿ. ಎಣ್ಣೆ ಪೂರ್ತಿ ಒರೆಸಿ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೇ ಹನಿ ಹಾಕಿ. ಈ ಕೆಲಸ ದೋಣಿಯ ಹೊರಗೇ ಆಗಲಿ: ಹನಿ ಜಾರಿ ಎಬಿಎಸ್ ಪ್ಲಾಸ್ಟಿಕ್‌ನ ಹಲ್ (ದೋಣಿಯ ಒಡಲು) ಮೇಲೋ ಸರ್ವೋ ಮೈಮೇಲೋ ಬಿದ್ದರೆ ಪ್ಲಾಸ್ಟಿಕ್ ಬಿರುಕು ಬಿಡಬಹುದು. ಸರ್ವೋ ತುದಿಗೆ ಸ್ಕ್ರೂ ಬೇಡವೇ ಬೇಡ, ಕಡ್ಡಿಯನ್ನೇ ಝಡ್ ಆಕಾರಕ್ಕೆ ಬಗ್ಗಿಸಿ ತೂತಿಗೆ ಪೋಣಿಸಿ. ಕಡ್ಡಿಯ ಥ್ರೆಡ್‌ಗೆ ಎಂ2 ಕ್ಲೆವಿಸ್ (ತಿರುಗಿಸಿ ಹಾಕುವ ಕವಲು ಕೊಂಡಿ) ಬಲವಂತವಾಗಿ ತಿರುಗಿಸುವವರೂ ಇದ್ದಾರೆ. ಅಳತೆಯೇ ಬೇರೆ, ಥ್ರೆಡ್ ಕಿತ್ತುಹೋಗುತ್ತದೆ. ಇನ್ನು ಇದೇ ಹಿತ್ತಾಳೆ ತುಂಡನ್ನು ಮೋಟರ್ ಮತ್ತು ಶಾಫ್ಟ್ ನಡುವೆ ಕಪ್ಲಿಂಗ್ (ಎರಡನ್ನೂ ಕೂಡಿಸುವ ಕೊಂಡಿ) ಮಾಡುವುದು ಶುದ್ಧ ಹುಚ್ಚುತನ. ಸ್ಕ್ರೂ ಶಾಫ್ಟನ್ನು ಒಂದು ಪಕ್ಕಕ್ಕೆ ತಳ್ಳುವುದರಿಂದ ನಡುಗೆರೆ ಕೂಡುವುದಿಲ್ಲ, ಇಡೀ ದೋಣಿ ನಡುಗುತ್ತದೆ.

ಮುಚ್ಚಳಕ್ಕೆ ಇದ್ದದ್ದು ಸೂಪರ್ ಗ್ಲೂನಲ್ಲಿ ಅಂಟಿಸಿದ ನಾಲ್ಕು ಅಯಸ್ಕಾಂತ. ನಿಕ್ಕೆಲ್ ಲೇಪದ ನುಣುಪು ಮೈಗೆ ಆ ಅಂಟು ಗಾಜಿನಂತೆ ಕೂತಿರುತ್ತದೆ. ಪಕ್ಕದಿಂದ ಮೀಟಿದರೆ ಚಟ್ಟನೆ ಬಿಡುತ್ತದೆ. ಲೇಪ ಸುಲಿದರೆ ತುಕ್ಕು ಬೇರೆ. ಅಯಸ್ಕಾಂತ ಬಿಟ್ಟು ಒಳಗೆ ಎಂ3 (3 ಮಿ.ಮೀ. ಬೋಲ್ಟ್‌ನ) ನಟ್ ಕೂರಿಸುವುದೇ ವಾಸಿ. ಮುಚ್ಚಳ ಕೂರುವ ಅಂಚಿಗೆ 3.2 ಮಿ.ಮೀ. ತೂತು ಕೊರೆದು, ಸುತ್ತಲಿನ ಜಾಗವನ್ನು 80 ಗ್ರಿಟ್‌ನ ಒರಟು ಸ್ಯಾಂಡ್‌ಪೇಪರ್‌ನಲ್ಲಿ ಒರಟು ಮಾಡಿ. ಬೋಲ್ಟ್‌ನ ಥ್ರೆಡ್‌ಗೆ ವ್ಯಾಸಲೀನ್ ಸವರಿ ಮೇಲಿನಿಂದ ಹಾಕಿ, ಕೆಳಗೆ ನಟ್ ಬಿಗಿದು, ನಟ್‌ನ ಆರೂ ಬದಿಗೆ ಎಪಾಕ್ಸಿ ಮೆತ್ತಿ. ಎಪಾಕ್ಸಿ ಅರೆಗಟ್ಟಿಯಾದಾಗ ಬೋಲ್ಟನ್ನು ಅರ್ಧ ಸುತ್ತು ಹಿಂದೆ ತಿರುಗಿಸಿ, ಇಲ್ಲದಿದ್ದರೆ ಅದೂ ಅಲ್ಲೇ ಸಮಾಧಿ. ಐದು ನಿಮಿಷದ ಎಪಾಕ್ಸಿ ಬೇಡ, ಬಿಸಿಲಿಗೆ ಮೆತ್ತಗಾಗುತ್ತದೆ. 24 ಗಂಟೆಯದು ತನ್ನಿ. ಮುಚ್ಚಳದ ಮುಂದಿನ ಅಂಚಿಗೆ ಒಳಗೆ ತೂರುವ ಒಂದು ನಾಲಗೆ, ಹಿಂದೆ ಎರಡು ಸ್ಟೇನ್‌ಲೆಸ್ ಬೋಲ್ಟ್ ಸಾಕು.

ಬ್ಯಾಟರಿಗೆ ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ಬಿಸಿಗೆ ಅದು ಸೆಟೆದು ತುಂಡಾಗುತ್ತದೆ. ಬ್ಯಾಟರಿ ಕೂರುವ ತಟ್ಟೆಯಲ್ಲಿ ಸೀಳು ಕೊರೆದು ಎರಡು ವೆಲ್‌ಕ್ರೋ ಪಟ್ಟಿ ತೂರಿಸಿ, ಎರಡೂ ಪಕ್ಕಕ್ಕೆ ಗಟ್ಟಿ ಫೋಮ್ ಕೊಡಿ. ಅಂಟು ಬೆನ್ನಿನ ವೆಲ್‌ಕ್ರೋವನ್ನು ಬರಿ ಪ್ಲೈವುಡ್ ಮೇಲೆ ಒತ್ತಿದರೆ ನಿಲ್ಲುವುದಿಲ್ಲ, ಮೊದಲು ವಾರ್ನಿಷ್ ಹೊಡೆದು ಒಣಗಿಸಬೇಕು.

ಬಿಗಿದಾದ ಮೇಲೆ ಪ್ರತಿ ನಟ್, ಸ್ಕ್ರೂ ತಲೆಯಿಂದ ಪಕ್ಕದ ಮೈವರೆಗೆ ಬಿಳಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಟಬ್‌ನ ನೀರಿನಲ್ಲಿ ದೋಣಿಯನ್ನು ಕೈಯಲ್ಲಿ ಭದ್ರವಾಗಿ ಹಿಡಿದು, ಬೆರಳು ಪ್ರೊಪೆಲ್ಲರ್‌ನಿಂದ ದೂರವಿಟ್ಟು, ಅರ್ಧ ಥ್ರಾಟಲ್‌ನಲ್ಲಿ ಎರಡು ನಿಮಿಷ ಓಡಿಸಿ. ಗೆರೆ ಎಲ್ಲಿ ಮುರಿದಿದೆಯೋ ಅಲ್ಲಿ ಬಿಚ್ಚಿ ಮತ್ತೆ ಮಾಡಿ.