ಬಲಗಿವಿಗೆ ಇಂಪ್ಲಾಂಟ್, ಎಡಗಿವಿಗೆ ಮಷೀನ್: ನನಗೆ ಈ ಜೋಡಿಯೇ ಬೇಕು

ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಹಾಕಿಸಿಕೊಂಡ ಮೇಲೆ ಎಡಗಿವಿಯ ಮಷೀನನ್ನು, ಅಂದರೆ ಸದ್ದು ಜೋರು ಮಾಡುವ ಹಿಯರಿಂಗ್ ಏಡನ್ನು, ಬೀರುವಿನಲ್ಲಿ ಇಟ್ಟುಬಿಟ್ಟೆ. ಇಷ್ಟು ದುಡ್ಡು ಸುರಿದ ಮೇಲೆ ಹಳೇದು ಯಾಕೆ ಅಂತ. ಎಂಟು ತಿಂಗಳು ಹಾಗೇ ಇದ್ದೆ. ಅದು ನನ್ನ ತಪ್ಪು.

ಮೊದಲು ಎರಡೂ ಕಿವಿಗೆ ಮಷೀನೇ ಇತ್ತು. ಸದ್ದು ಜೋರಾಗಿ ಬರುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ‘ಹಾಕು’ ಅಂದರೂ ‘ಹಾಸು’ ಅಂದರೂ ಒಂದೇ ಥರ. ಸದ್ದನ್ನು ನರಕ್ಕೆ ಮುಟ್ಟಿಸುವ ಒಳಗಿವಿಯ ಕೂದಲು ಕೋಶಗಳೇ ಹಾಳಾಗಿದ್ದರೆ ಸದ್ದು ದೊಡ್ಡದಾಗಿ ಏನು ಪ್ರಯೋಜನ? ಇಂಪ್ಲಾಂಟ್ ಆ ಕೋಶಗಳನ್ನು ಬಿಟ್ಟು ನೇರವಾಗಿ ನರವನ್ನೇ ಮುಟ್ಟುತ್ತದೆ. ಅಭ್ಯಾಸ ಆದಂತೆ ಸ, ಶ, ಚ ಎಲ್ಲ ವಾಪಸ್ ಬಂದವು.

ಇಂಪ್ಲಾಂಟ್ ಒಂದರಲ್ಲೇ ಇದ್ದಾಗ ಮಾತು ತಿಳಿಯುತ್ತಿತ್ತು, ದನಿ ಯಾರದು ಅಂತ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಕರೆದಳೋ ಮಗಳು ಕರೆದಳೋ ತಿರುಗಿ ನೋಡಬೇಕು. ತಂಬೂರಿ ಬರೀ ಗರಗರ. ಎಡಗಿವಿಯಲ್ಲಿ ತಗ್ಗು ಸ್ವರದ ಸದ್ದು ಕೇಳುವ ಶಕ್ತಿ ಸ್ವಲ್ಪ ಉಳಿದಿತ್ತು. ಮಷೀನ್ ಮತ್ತೆ ಹಾಕಿದಾಗ ಆ ಸ್ವಲ್ಪವೇ ದನಿಗೆ ಮೈ ತುಂಬಿತು. ದೇವರಾಜ ಮಾರ್ಕೆಟ್ಟಿನ ಗಲಾಟೆಯಲ್ಲೂ ಹೂವಿನವರ ಮಾತು ಹಿಡಿಯಬಲ್ಲೆ.

ತೊಂದರೆ ಶುರುವಾಗಿದ್ದು ಹಳೇ ಮಷೀನ್ ಕೆಟ್ಟಾಗ. ಆಡಿಯಾಲಜಿಸ್ಟರನ್ನು (ಕಿವಿ ಪರೀಕ್ಷಿಸಿ ಮಷೀನ್ ಹೊಂದಿಸುವವರು) ಕೇಳದೆ ಅಂಗಡಿಯೊಂದರಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಬೇರೆ ಕಂಪನಿಯದು ತಂದೆ. ಅದು ಫೋನಿನ ಸದ್ದನ್ನು ಇಂಪ್ಲಾಂಟಿನ ಜೊತೆ ಹಂಚಿಕೊಳ್ಳುವುದಿಲ್ಲ. ಹುಬ್ಬಳ್ಳಿಯಿಂದ ಮಗಳು ಫೋನ್ ಮಾಡಿದರೆ ಅವಳ ಮಾತು ಇಂಪ್ಲಾಂಟಿಗೆ ಮಾತ್ರ ಬರುತ್ತದೆ. ಎಡಗಿವಿ ಸುಮ್ನೆ ಕೂತಿರುತ್ತದೆ. ಯಾವ ದನಿಗಾಗಿ ಮಷೀನ್ ಮತ್ತೆ ಹಾಕಿದೆನೋ ಅದೇ ಫೋನಿನಲ್ಲಿ ಇಲ್ಲ. ಮೂರು ಸಲ ಅಂಗಡಿಗೆ ಹೋದೆ. ಫೋನ್ ಬದಲಾಯಿಸಿ ನೋಡಿ ಅಂದರು, ಬದಲಾಯಿಸಿದೆ. ಏನೂ ಆಗಲಿಲ್ಲ.

ಕಾಕ್ಲಿಯರ್ ಅನ್ನುವ ಇಂಪ್ಲಾಂಟ್ ಕಂಪನಿಯ ಪ್ರೊಸೆಸರ್ (ಇಂಪ್ಲಾಂಟಿನ ಹೊರಗೆ ಹಾಕಿಕೊಳ್ಳುವ ಭಾಗ) ಜೊತೆ ರೀಸೌಂಡ್ ಕಂಪನಿಯದು, ಇನ್ನೊಂದು ಇಂಪ್ಲಾಂಟ್ ಕಂಪನಿ ಅಡ್ವಾನ್ಸ್ಡ್ ಬಯೋನಿಕ್ಸ್ ಜೊತೆ ಫೋನಾಕ್ ಕಂಪನಿಯದು, ಹೀಗೆ ಫೋನಿನ ಸದ್ದು ಎರಡೂ ಕಿವಿಗೆ ಬರುವಂತೆ ಜೋಡಿಯಾಗಿ ಕೆಲಸ ಮಾಡುವ ಮಷೀನ್‌ಗಳಿವೆ. ಅವುಗಳಲ್ಲೂ ಎಲ್ಲ ಮಾಡೆಲ್ ಹೊಂದುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಪ್ರೊಸೆಸರಿನ ಹೆಸರು ಹೇಳಿ ಕೇಳಿ.

ಇನ್ನೊಂದು, ಎರಡೂ ಕಿವಿಯ ಸದ್ದು ಸಮ ಇರಬೇಕು. ಇಂಪ್ಲಾಂಟಿನ ಮ್ಯಾಪಿಂಗ್ (ಅದರ ಸದ್ದಿನ ಮಟ್ಟ ಹೊಂದಿಸುವುದು) ಒಂದು ಕಡೆ, ಮಷೀನಿನ ಸೆಟ್ಟಿಂಗ್ ಇನ್ನೊಂದು ಕಡೆ ಆಗಿ ಎಡಗಿವಿಯ ಸದ್ದೇ ಜಾಸ್ತಿಯಾಗಿತ್ತು. ಎರಡನ್ನೂ ಹಾಕಿಕೊಂಡು ಒಬ್ಬರೇ ಆಡಿಯಾಲಜಿಸ್ಟ್ ಮುಂದೆ ಕೂತ ಮೇಲೆ ಸರಿಹೋಯಿತು.

ಬ್ಯಾಟರಿ ಖರ್ಚು ಎರಡು ಕಡೆ. ಒಗ್ಗಿಹೋಗಿದೆ.

ಎಡಗಿವಿಗೂ ಇಂಪ್ಲಾಂಟ್ ಹಾಕಿಸಬಹುದಲ್ವಾ? ಆಪರೇಷನ್ನಿನಲ್ಲಿ ಉಳಿದಿರುವ ಕೇಳುವಿಕೆಯೂ ಹೋಗಬಹುದು. ಮೊದಲಿನ ಸಾಲವೇ ತೀರಿಲ್ಲ. ನನಗೆ ಬೇಡ.

ಮುಂದಿನ ಮಷೀನ್ ಜೋಡಿಯದೇ ತರುತ್ತೇನೆ. ಅಲ್ಲಿಯವರೆಗೆ ಮಗಳ ಫೋನ್ ಬಂದರೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಎರಡೂ ಕಿವಿಯಲ್ಲಿ ಕೇಳುತ್ತೇನೆ.